ಕೊಟ್ಟಿಗೆಯ ಅಜ್ಜಪ್ಪನ ಮುಖ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯನಾದವನು ಕೊಟ್ಟಿಗೆಯಲ್ಲಿದ್ದ. ಅವನನ್ನು ನಾವು ಅಜ್ಜಪ್ಪ ಎನ್ನುತ್ತಿದ್ದೆವು. ಕೊಟ್ಟಿಗೆಯ ಪಡುವಣ ಗೋಡೆಗೆ ಸೇರಿಸಿ ಕಟ್ಟಿದ್ದ ಒಂದು ಕಲ್ಲು ಅದು. ಓದಿದವರು ಬಂದರೆ ಅದನ್ನು ವೀರಗಲ್ಲು ಅನ್ನುತ್ತಿದ್ದರು. ಕಲ್ಲಿನ ಮುಂದೆಯೇ ಹಸು ಎತ್ತು ಕಟ್ಟುತ್ತಿದ್ದುದರಿಂದ ಅಜ್ಜಪ್ಪನ ದರ್ಶನ ಬೇಕಾದವರು ಮೊದಲು ಸಗಣಿ ತುಳಿಯಬೇಕಿತ್ತು. ಕಲ್ಲಿನಲ್ಲಿ ಮೂರು ಅಂತಸ್ತು. ಕೆಳಗಿನದರಲ್ಲಿ ಹೊಡೆದಾಟ: ಕತ್ತಿ ಎತ್ತಿದ ದೊಡ್ಡ ಆಳು, ಅವನ ಬೆನ್ನ ಹಿಂದೆ ಒತ್ತೊತ್ತಾಗಿ ನಿಂತ ದನಗಳು, ಅವನ ಕಾಲ ಬುಡದಲ್ಲಿ ಬಿದ್ದಿರುವ ಒಬ್ಬ ಸಣ್ಣವನು. ನಡುವಿನದರಲ್ಲಿ ಅಪ್ಸರೆಯರು ಆ ದೊಡ್ಡವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಹೊಸಬರು ಯಾರೇ ಬಂದರೂ ಈ ದೊಡ್ಡವನೇ ಅಜ್ಜಪ್ಪ ಅಂದುಕೊಳ್ಳುತ್ತಿದ್ದರು. ಅಲ್ಲ. ನಮ್ಮ ಅಜ್ಜಪ್ಪ ಕೆಳಗೆ ಬಿದ್ದಿರುವ ಸಣ್ಣವನು.

ಹಾಗಂತ ಯಾರೂ ನನ್ನನ್ನು ಕೂರಿಸಿಕೊಂಡು ಹೇಳಿದ್ದಲ್ಲ. ಹಿರಿಯರ ಹಬ್ಬದ ದಿನ, ಅಂದರೆ ಮಹಾಲಯ ಅಮಾವಾಸ್ಯೆಯಂದು, ದನಗಳನ್ನು ಹೊರಗೆ ಕಟ್ಟಿ, ನೆಲ ಸಾರಿಸಿ, ಕಲ್ಲಿನ ಮುಂದೆ ಬಾಳೆಎಲೆ ಹಾಸಿ ಸತ್ತ ಹಿರಿಯರಿಗೆ ಎಡೆ ಇಡುತ್ತಿದ್ದರು. ಮುದ್ದೆ, ಕೋಳಿಸಾರು, ವಡೆ, ಕಡುಬು, ಪಕ್ಕದಲ್ಲಿ ಮಡಿಸಿಟ್ಟ ಹೊಸ ಪಂಚೆ, ಸೀರೆ. ಅಷ್ಟಾದ ಮೇಲೆ ಅಜ್ಜಿ, ಅಪ್ಪನ ತಾಯಿ, ಆ ಬೆಳಗ್ಗೆ ಕಡೆದ ಬೆಣ್ಣೆಯನ್ನು ಬೆರಳಲ್ಲಿ ತೆಗೆದು, ಬಗ್ಗಿ, ದೊಡ್ಡವನ ಹಿಮ್ಮಡಿಯ ಕೆಳಗೆ ಕೈ ತೂರಿಸಿ ಬಿದ್ದವನ ಮುಖಕ್ಕೆ ಹಚ್ಚುತ್ತಿದ್ದಳು. ಆ ಬೆಣ್ಣೆ ಹಚ್ಚುವುದು ಮನೆಯ ಹಿರಿಸೊಸೆಯ ಪಾಲಿನದು. ಅಜ್ಜಿಗೆ ಅವಳ ಅತ್ತೆಯಿಂದ ಬಂದದ್ದು. ಎಷ್ಟು ತಲೆಮಾರಿನ ಕೈಗಳು ಉಜ್ಜಿದ್ದವೋ, ಆ ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಹಲಸಿನ ಬೀಜದ ಹಾಗೆ ನುಣ್ಣಗಾಗಿತ್ತು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಅಂಗಳದಲ್ಲಿ ಸದ್ದಿಲ್ಲದೆ ಕೂರಬೇಕು, ಹಿರಿಯರು ಉಣ್ಣುವ ಹೊತ್ತು ಅದು. ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಬಾಗಿಲ ಬಳಿ ನಿಂತು ಕೆಮ್ಮುವಳು, ಉಣ್ಣುತ್ತಿರುವವರಿಗೆ ಸೂಚನೆ ಸಿಗಲಿ ಎಂದು. ಒಳಗೆ ಹೋದರೆ ಎಡೆ ಇಟ್ಟ ಹಾಗೇ ಇರುತ್ತಿತ್ತು. ನಾನು ಮುಖ ಸಣ್ಣ ಮಾಡಿದರೆ ಅಜ್ಜಿ ಸಾರಿನಲ್ಲಿ ಬೆರಳು ಅದ್ದಿ ನೆಕ್ಕುತ್ತಿದ್ದಳು.

"ಉಪ್ಪು ಕಮ್ಮಿಯಾಗೈತೆ ನೋಡೇ. ಉಂಡವ್ರೆ."

ಒಮ್ಮೆ ನಾನು ಕೇಳಿದ್ದುಂಟು, ದೊಡ್ಡವನು ಅಪ್ಸರೆಯರ ಜೊತೆ ಮೇಲೆ ಹೋದ, ನಮ್ಮ ಅಜ್ಜಪ್ಪ ಯಾಕೆ ಇನ್ನೂ ಕೆಳಗೇ ಬಿದ್ದಿದಾನೆ ಅಂತ. ಅಜ್ಜಿ ಹಾಲು ಕರೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಮ್ಯಾಲೋಗಕ್ಕೆ ಅವ್ನಿಗೆಲ್ಲಿ ಪುರ್ಸೊತ್ತು? ನಮ್ ದನ ನೋಡ್ಕಬೇಕಲ್ಲ."

ಆಗ ಅದು ಸರಿಯಾದ ಉತ್ತರವಾಗಿ ಕಂಡಿತ್ತು. ಈಗಲೂ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಯಾರೂ ಕೊಟ್ಟಿಲ್ಲ.

ನಮ್ಮೂರು ಅಜ್ಜಂಪುರ ಬಿಟ್ಟು ತರೀಕೆರೆ ಕಡೆಗೆ ಹೋಗುವ ದಾರಿಯಲ್ಲಿ, ಬಯಲು ಮುಗಿದು ಗುಡ್ಡ ಶುರುವಾಗುವ ಮೊದಲು ಸಿಗುತ್ತದೆ. ಅಪ್ಪನ ಜೊತೆ ಕಡೂರಿನ ಸಂತೆಗೆ ಹೋದರೆ ಅಲ್ಲಿಯವರು ನಮ್ಮನ್ನು ಮಲೆನಾಡಿನವರು ಎಂದು ಕರೆಯುತ್ತಿದ್ದರು. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಬಯಲುಸೀಮೆಯವರು ಬಂದರು ಅನ್ನುತ್ತಿದ್ದರು. ಮಳೆಗೂ ನಮ್ಮ ವಿಷಯದಲ್ಲಿ ಇದೇ ಗೊಂದಲ. ಬಂದರೆ ಬಂತು, ಇಲ್ಲದಿದ್ದರೆ ಗುಡ್ಡದ ಮೇಲೆಯೇ ಸುರಿದು ಹೋಯಿತು. ರಾಗಿ ಹೊಲ, ಒಂದಿಷ್ಟು ತೆಂಗು, ಮನೆ ಹಿಂದೆ ಹಳೆಯ ದೇವಸ್ಥಾನ. ಮನೆಯೊಳಗೂ ಈ ಬಯಲು ಗುಡ್ಡದ ಪಾಲು ಆಗಿತ್ತು. ಅಪ್ಪ, ಚಿಕ್ಕಪ್ಪ, ನನ್ನ ಅಕ್ಕ ಶಾರದ ಎತ್ತರದವರು, ಗೋಧಿ ಬಣ್ಣ, ನೆಟ್ಟಗಿನ ಮೂಗು. ಅವ್ವ ಲಕ್ಕವಳ್ಳಿಯ ಆಚೆ ಕಾಡಂಚಿನ ಊರಿನಿಂದ ಬಂದವಳು. ಕಪ್ಪು, ಕುಳ್ಳು, ಎಣ್ಣೆ ಹಾಕಿ ಎಷ್ಟು ಬಾಚಿದರೂ ಬಗ್ಗದ ಗುಂಗುರು ಕೂದಲು. ನಾನು ಅವಳ ಅಚ್ಚು. ಇದರಲ್ಲಿ ನೋಯುವಂಥದ್ದು ಏನಾದರೂ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ನನಗೆ ಕಲಿಸಿದ್ದು ದೇವಸ್ಥಾನ ನೋಡಲು ಬರುವ ಜನ.

ದೇವಸ್ಥಾನಕ್ಕೆ ಡಾಂಬರು ರಸ್ತೆ ಬಂತು, ಒಂದು ಬೋರ್ಡು ಬಂತು, ಅದರ ಹಿಂದೆ ಭಾನುವಾರದ ಕಾರುಗಳು ಬಂದವು. ಚಿಕ್ಕಪ್ಪ ಅದುವರೆಗೆ ಯಾವ ಕೆಲಸದಲ್ಲೂ ನಿಂತವನಲ್ಲ. ಅಜ್ಜಂಪುರದಲ್ಲಿ ಸೈಕಲ್ ಅಂಗಡಿ ಇಟ್ಟು ಮುಚ್ಚಿದ್ದ. ಮಾತು ಮಾತ್ರ ಅರಳು ಹುರಿದ ಹಾಗೆ. ಬಂದವರಿಗೆ ಕಂಬ, ಬಾಗಿಲುವಾಡ, ಶಿಲಾಬಾಲಿಕೆಯರನ್ನು ತೋರಿಸುತ್ತಾ ತೋರಿಸುತ್ತಾ ಅವನೇ ಗೈಡ್ ಆಗಿಬಿಟ್ಟ. ಒಂದು ದಿನ ಬಂದವರನ್ನು ನಮ್ಮ ಕೊಟ್ಟಿಗೆಗೂ ಕರೆತಂದ. ದೊಡ್ಡವನ ಮೇಲೆ ಟಾರ್ಚು ಬಿಟ್ಟು, ತನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಂತ.

"ನೋಡಿ ಸಾರ್, ಈ ವೀರನ ಮೂಗು ನೋಡಿ. ನನ್ನ ಮೂಗು ನೋಡಿ. ನಾವು ಇವ್ನ ವಂಶದೋರು. ಆ ಕಾಲದಿಂದ ಈ ಜಾಗ ಬಿಟ್ಟು ಅಲ್ಲಾಡಿಲ್ಲ."

ಜನ ದಂಗಾದರು. ಎರಡು ಮೂಗಿನ ಫೋಟೋ ತೆಗೆದುಕೊಂಡರು. ಅಲ್ಲಿಂದ ಮುಂದೆ ಅಕ್ಕನಿಗೂ ಕೆಲಸ ಸಿಕ್ಕಿತು. ಹೂ ಮುಡಿಸಿ ಶಿಲಾಬಾಲಿಕೆಯ ಪಕ್ಕ ನಿಲ್ಲಿಸುವನು. ಕಲ್ಲಿನ ಹೆಣ್ಣು ಬೇರೆಯಲ್ಲ, ನಮ್ಮ ಶಾರದ ಬೇರೆಯಲ್ಲ ಎನ್ನುವನು. ಅಕ್ಕ ಸೊಂಟ ಬಳುಕಿಸಿ ನಿಲ್ಲುವುದನ್ನು ಕಲಿತಳು. ನಾನೂ ಲಂಗ ಸರಿಮಾಡಿಕೊಂಡು ಹೋಗಿ ನಿಂತರೆ, ಚಿಕ್ಕಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಚೌಕಟ್ಟಿನಿಂದ ಆಚೆಗೆ ತಳ್ಳುತ್ತಿದ್ದ. ಹೊಡೆದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅಷ್ಟು ಪ್ರೀತಿಯಿಂದ ತಳ್ಳಿದರೆ ಏನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಬೆಂಗಳೂರಿನ ಒಬ್ಬ ಹೆಂಗಸು ಬಂದಳು, ಕುತ್ತಿಗೆಯಲ್ಲಿ ದೊಡ್ಡ ಕ್ಯಾಮೆರಾ. ಅವಳಿಗೆ ಅಕ್ಕ ಬೇಡವಾಯಿತು. ಕೊಟ್ಟಿಗೆಯ ಬಾಗಿಲಲ್ಲಿ ಕರು ಹಿಡಿದು ನಿಂತಿದ್ದ ನನ್ನನ್ನೇ ನೋಡಿದಳು.

"ಈ ಮಗು ಯಾರು? ಕೂದಲು ಎಷ್ಟು ಚೆನ್ನಾಗಿದೆ!"

ನಾನು ಒಂದು ಕೈಯಿಂದ ಕೂದಲು ಸವರಿಕೊಂಡೆ. ಚಿಕ್ಕಪ್ಪ ನನ್ನ ಕಡೆ ನೋಡದೆ ಹೇಳಿದ.

"ಅದಾ ಮೇಡಂ? ಕೆಲಸದೋರ ಮಗು."

ಒಳಗೆ ಅವ್ವ ಸಗಣಿ ಬಾಚುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ಸಗಣಿಯಾಗಿದ್ದ ಅವಳನ್ನು ನೋಡಿದರೆ ಚಿಕ್ಕಪ್ಪ ಹೇಳಿದ್ದು ನಿಜ ಎಂದು ಯಾರಾದರೂ ನಂಬುತ್ತಿದ್ದರು. ಅವಳು ತಲೆಯೆತ್ತಿ ಹೊರಗೆ ನೋಡಿದಳು, ಮತ್ತೆ ಬಗ್ಗಿದಳು. ನಾನು ಅವಳು ಏನಾದರೂ ಅನ್ನಲಿ ಎಂದು ಕಾದೆ. ಅವಳು ಬುಟ್ಟಿಗೆ ಸಗಣಿ ತುಂಬುತ್ತಲೇ ಇದ್ದಳು. ನನ್ನ ಕೈಯಿಂದ ಕರುವಿನ ಹಗ್ಗ ಜಾರಿ, ಅದು ಹಾಲು ಕುಡಿಯಲು ಓಡಿತು.

ಮಧ್ಯಾಹ್ನ ನಡುಮನೆಯಲ್ಲಿ ಗಂಡಸರು ಊಟಕ್ಕೆ ಕೂತರು. ಅವ್ವ ಎಲ್ಲರ ತಟ್ಟೆಗೂ ಮುದ್ದೆ ಇಟ್ಟಳು, ಅಪ್ಪನ ಮುದ್ದೆಯ ಪಕ್ಕ ಹುರುಳಿ ಸಾರು ಬಿಟ್ಟಳು. ಚಿಕ್ಕಪ್ಪನ ತಟ್ಟೆಯಲ್ಲಿ ಮುದ್ದೆ ಮಾತ್ರ. ಅವನು ಮುರಿದು, ಅದ್ದಲು ಏನೂ ಇಲ್ಲದೆ ತಲೆಯೆತ್ತಿದ.

"ಅತ್ತಿಗೆ, ಸಾರು?"

"ಕೆಲಸದೋಳು ಕಾಸಿದ ಸಾರು ಕಣ್ರೀ. ನೀವು ವೀರನ ವಂಶದೋರು. ನಿಮ್ಗೆ ಸೇರಕ್ಕಿಲ್ಲ."

ಮೈದುನನನ್ನು ಎಂದೂ ನೀನು ಎಂದೇ ಕರೆಯುತ್ತಿದ್ದವಳು ಅಂದು ನೀವು ಅಂದಳು. ಅಪ್ಪ ಏನಾಯಿತು ಎಂದು ಕೇಳಿದ. ನಾನೇ ಬಾಗಿಲ ಹಿಂದಿನಿಂದ ಹೇಳಿದೆ. ಅಪ್ಪ ಮುದ್ದೆ ನುಂಗುವುದನ್ನು ನಿಲ್ಲಿಸಿದ. ಚಿಕ್ಕಪ್ಪನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ಅಯ್ಯೋ, ಅದ್ನ ಹಿಡ್ಕಂಡು ಕೂತಿದ್ದೀಯಾ? ಬಂದೋರ್ಗೆ ಒಂದು ಕತೆ ಬೇಕು ಅತ್ತಿಗೆ. ಮೂಗು ಹೊಂದಬೇಕು, ಬಣ್ಣ ಹೊಂದಬೇಕು. ಸರೋಜಿನ ತೋರ್ಸಿದ್ರೆ ಕತೆ ಹೊಂದಕ್ಕಿಲ್ಲ. ಅಷ್ಟೇಯ. ನಂಗೇನ್ ಅವ್ಳ ಮ್ಯಾಲೆ ಪ್ರೀತಿ ಇಲ್ವಾ?"

"ಹಂಗಾರೆ ಕತೆ ಬದ್ಲಾಯ್ಸು. ಮಗಿನ ಬದ್ಲಾಯ್ಸಕ್ಕಾಯ್ತದಾ?" ಎಂದಳು ಅವ್ವ.

ಚಿಕ್ಕಪ್ಪ ಒಣ ಮುದ್ದೆಯನ್ನೇ ನೀರು ಕುಡಿದು ನುಂಗಿ ಎದ್ದ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಕನಿಕರ, ಅದರ ಹಿಂದೆಯೇ ಅವ್ವನ ಮೇಲೆ ಒಂದು ಸಣ್ಣ ಸಿಟ್ಟು, ನನಗೆ ಈ ಕೂದಲು ಯಾಕೆ ಕೊಟ್ಟೆ ಎಂದು. ಅಂದಿನಿಂದ ನನಗೆ ಒಂದೇ ಯೋಚನೆ ಹಿಡಿಯಿತು. ನಾನು ಈ ಮನೆಯವಳು ಹೌದೋ ಅಲ್ಲವೋ? ಅದನ್ನು ಯಾರನ್ನು ಕೇಳಬೇಕು, ಕಲ್ಲನ್ನೋ, ಕನ್ನಡಿಯನ್ನೋ?

ಮುಂದಿನ ಬೇಸಿಗೆಯಲ್ಲಿ ಶಾಸನ ಓದುವ ಒಬ್ಬ ಮೇಷ್ಟ್ರು ಬಂದರು. ವಯಸ್ಸಾದವರು, ಮೆಲುಮಾತಿನವರು, ಸಗಣಿಯಲ್ಲಿ ಕಾಲಿಟ್ಟರೂ ಮುಖ ಸಿಂಡರಿಸಲಿಲ್ಲ. ಕಲ್ಲಿಗೆ ನೀರು ಹೊಯ್ದು ತೊಳೆದು, ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಿ, ಕನ್ನಡಕ ಏರಿಸಿ ಇಳಿಸಿ ಓದಿದರು. ಮಲೆಯವರು ಬಯಲಿನ ಊರಿನ ದನಗಳನ್ನು ಹೊಡೆದುಕೊಂಡು ಹೋದರಂತೆ. ಈ ಊರಿನ ಒಬ್ಬ ಆಳು ಬೆನ್ನಟ್ಟಿ, ಅವರ ಮುಖಂಡನನ್ನು ಕೊಂದು, ದನ ಬಿಡಿಸಿ, ತಾನೂ ಸತ್ತನಂತೆ. ಚಿಕ್ಕಪ್ಪ ಹಿಗ್ಗಿ ಹೀರೇಕಾಯಿಯಾದ. ಆಗ ಮೇಷ್ಟ್ರು ಬಗ್ಗಿ, ಬಿದ್ದವನ ಮುಖ ಮುಟ್ಟಿ, ಬೆರಳಿನ ಜಿಡ್ಡು ನೋಡಿಕೊಂಡರು. ಇವನಿಗೆ ಯಾಕೆ ಬೆಣ್ಣೆ ಹಚ್ಚುತ್ತೀರಿ ಎಂದು ಕೇಳಿದರು.

"ನಮ್ಮವ್ವಂಗೆ ಕಣ್ಣು ಮಂಜು ಸಾರ್. ಗೊತ್ತಾಗದೆ ಹಚ್ತಾಳೆ," ಎಂದ ಚಿಕ್ಕಪ್ಪ.

"ಕಣ್ಣು ಮಂಜಾಗಿದ್ದು ಈಗ. ನಾನು ಹಚ್ತಾ ಇರೋದು ಮದ್ವೆಯಾದಾಗ್ಲಿಂದ," ಎಂದಳು ಅಜ್ಜಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ನೀವು ಈ ಬಿದ್ದವನ ಕಡೆಯವರಿರಬಹುದು, ದನದ ಹಿಂದೆ ಬಂದವರು ಇಲ್ಲೇ ನಿಂತಿರಬಹುದು ಎಂದರು. ಇಲ್ಲದಿದ್ದರೆ, ಕೊಂದವನ ಮನೆಯವರೇ ಸತ್ತವನ ಶಾಪಕ್ಕೆ ಹೆದರಿ ಅವನಿಗೆ ಎಡೆ ಇಟ್ಟಿರಬಹುದು. ಅದೂ ಅಲ್ಲದಿದ್ದರೆ, ಯಾವಳೋ ಗಿಡ್ಡ ಸೊಸೆಗೆ ಮೇಲಕ್ಕೆ ಕೈ ನಿಲುಕದೆ ಸಿಕ್ಕವನಿಗೆ ಹಚ್ಚಿ, ಅದೇ ರೂಢಿಯಾಗಿರಬಹುದು. ಇಷ್ಟು ಹೇಳಿ, ಯಾವುದು ಸರಿಯೋ ತಮಗೂ ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಮಜ್ಜಿಗೆ ಕುಡಿದು ಹೊರಟುಹೋದರು. ಮನೆ ಮಾತ್ರ ಮೊದಲಿನ ಹಾಗೆ ಉಳಿಯಲಿಲ್ಲ. ಅಪ್ಪ ಜಗಲಿಯ ಮೇಲೆ ಕೂತು ತನ್ನಷ್ಟಕ್ಕೇ ಕೇಳಿಕೊಳ್ಳುತ್ತಿದ್ದ.

"ಅಂದ್ರೆ ನಾವು ದನ ಕಾದೋರಾ, ಕದ್ದೋರಾ?"

ನಾನು ಕನ್ನಡಿ ಹಿಡಿದು ಕೂತೆ. ಬಿದ್ದವನು ಮಲೆಯವನು. ಅವ್ವ ಬಂದದ್ದು ಮಲೆಯ ಕಡೆಯಿಂದ. ಹಾಗಾದರೆ ಬಿದ್ದವನು ಅವ್ವನ ಅಜ್ಜನೇ, ಕತ್ತಿ ಎತ್ತಿದವನು ಅಪ್ಪನ ಅಜ್ಜನೇ? ಇವರು ಅವರನ್ನು ಕೊಂದು ಆಮೇಲೆ ಮದುವೆ ಮಾಡಿಕೊಂಡರೇ? ನನ್ನ ಒಂದು ಕಣ್ಣು ಹೊಡೆದವನದು, ಇನ್ನೊಂದು ಬಿದ್ದವನದು ಎಂದೆಲ್ಲ ಯೋಚಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಂಡೆ. ಎರಡೂ ಒಂದೇ ಥರ ಕಂಡವು. ತಲೆ ಕೆಟ್ಟು ಕನ್ನಡಿಯನ್ನು ಬೋರಲು ಹಾಕಿದೆ.

ದೇವಸ್ಥಾನ ನೋಡಿಕೊಳ್ಳುವ ಇಲಾಖೆಯವರು ಕಲ್ಲನ್ನು ಅದರ ಅಂಗಳಕ್ಕೆ ಸಾಗಿಸುವುದೆಂದು ತೀರ್ಮಾನಿಸಿದರು. ಒಳ್ಳೆಯ ಕಲ್ಲು, ಕೊಟ್ಟಿಗೆಯಲ್ಲಿ ಹಾಳಾಗುತ್ತದೆ, ನಾಲ್ಕು ಜನ ನೋಡಲಿ ಎಂದು ಊರಿನವರೂ ಹೇಳಿದರು. ಹಿರಿಯರ ಹಬ್ಬ ಮುಗಿಯಲಿ, ಆಮೇಲೆ ಕೊಡುತ್ತೇವೆ ಎಂದು ಅಪ್ಪ ಕೇಳಿಕೊಂಡ. ಆ ಹಬ್ಬಕ್ಕೆ ಚಿಕ್ಕಪ್ಪ ಜನ ಕರೆಸಿದ. ಕ್ಯಾಮೆರಾ ಹೊತ್ತವರು ಕೊಟ್ಟಿಗೆಯ ಬಾಗಿಲಲ್ಲಿ ಮುತ್ತಿಕೊಂಡರು. ವೀರನ ವಂಶದವರು ವೀರನಿಗೆ ಬೆಣ್ಣೆ ಹಚ್ಚುವುದನ್ನು ನೋಡಿ ಎಂದು ಅವರಿಗೆ ಮೊದಲೇ ಹೇಳಿಯಾಗಿತ್ತು. ಅಜ್ಜಿಗೂ ಹೇಳಿಯಾಗಿತ್ತು, ಈ ಸಲ ಮೇಲೆ ಹಚ್ಚು ಅಂತ. ಎಡೆ ಇಟ್ಟಾಯಿತು. ಅಜ್ಜಿ ಬೆಣ್ಣೆ ತೆಗೆದುಕೊಂಡು ಬಗ್ಗಿದಳು. ಅವಳ ಕೈ ನಡುವೆಯೇ ನಿಂತುಬಿಟ್ಟಿತು. ಅಷ್ಟು ವರ್ಷ ಯೋಚಿಸದೆ ಹೋಗುತ್ತಿದ್ದ ಕೈ ಅದು. ಬೆಣ್ಣೆ ಕರಗಿ ಅವಳ ಮಣಿಕಟ್ಟಿಗೆ ಇಳಿಯಿತು.

"ಎಲ್ಲಿಗೆ ಹಚ್ಲೋ?"

"ಮ್ಯಾಲೆ ಕಣವ್ವ, ಮ್ಯಾಲೆ," ಎಂದ ಚಿಕ್ಕಪ್ಪ. ಅಪ್ಪ ನೆಲ ನೋಡುತ್ತಿದ್ದ.

ಅಜ್ಜಿ ಸೊಂಟ ಹಿಡಿದುಕೊಂಡು ನೆಟ್ಟಗಾದಳು.

"ನಾನೂ ಹೊರಗಿಂದ ಬಂದೋಳೇ ಕಣ್ರೋ, ಸಿಂಗಟಗೆರೆಯೋಳು. ನಿಮ್ ತಾತ ಯಾರು ಅಂತ ನಂಗೇನ್ ಗೊತ್ತು? ನಮ್ಮತ್ತೆ ನನ್ ಕೈ ಹಿಡ್ದು ಇಲ್ಲಿಗೆ ಹಚ್ಚೇ ಅಂದ್ಲು, ಹಚ್ಚಿದೆ. ಆಯಮ್ಮನೂ ಹೊರಗಿಂದ ಬಂದೋಳೇ." ಅವ್ವನ ಕಡೆ ತಿರುಗಿ ಬೆಣ್ಣೆ ಚಾಚಿದಳು. "ತಗಳೇ. ಇನ್ಮ್ಯಾಕೆ ಇದು ನಿಂದು. ನೀ ಎಲ್ಲಿಗೆ ಹಚ್ತೀಯೋ ಅವ್ನೇ ಈ ಮನೆ ಹಿರಿಯ."

ಅಂದರೆ ಈ ಮನೆಯ ಹಿರಿಯ ಯಾರೆಂದು ನೆನಪಿಟ್ಟುಕೊಂಡು ಬಂದವರು ಯಾರೂ ಈ ಮನೆಯಲ್ಲಿ ಹುಟ್ಟಿದವರಲ್ಲ. ಹೊಳೆದದ್ದು ನನಗೆ ಎಷ್ಟೋ ವರ್ಷದ ಮೇಲೆ. ಅಂದು ಕಂಡದ್ದು ಅವ್ವನ ಕೈ ಮಾತ್ರ. ಅವಳು ದೊಡ್ಡವನನ್ನು ಒಮ್ಮೆ ನೋಡಿದಳು, ಬಾಗಿಲಲ್ಲಿದ್ದ ಕ್ಯಾಮೆರಾಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕುಕ್ಕರುಗಾಲಲ್ಲಿ ಕೂತು, ಬಿದ್ದವನ ಮುಖಕ್ಕೆ, ಎಳೆಮಗುವಿಗೆ ಎಣ್ಣೆ ಹಚ್ಚುವಂತೆ ನಿಧಾನವಾಗಿ ಬೆಣ್ಣೆ ಹಚ್ಚಿದಳು. ಬೆರಳಲ್ಲಿ ಉಳಿದದ್ದನ್ನು ನನ್ನ ಕೆನ್ನೆಗೆ ಒರೆಸಿದಳು. ಕ್ಯಾಮೆರಾಗಳು ಟಕಟಕ ಎಂದವು. ಇವನ್ಯಾರು, ಶತ್ರುವಲ್ಲವೇ, ಎಂದು ಯಾರೋ ಕೇಳಿದರು. ಚಿಕ್ಕಪ್ಪ ಟಾರ್ಚನ್ನು ಮತ್ತೆ ದೊಡ್ಡವನ ಮೇಲೆ ಬಿಟ್ಟ. ಬಾಗಿಲು ತೆರೆದೇ ಇರಲಿ, ಎಡೆ ಚೆನ್ನಾಗಿ ಕಾಣುತ್ತಿದೆ ಎಂದು ಇನ್ನೊಬ್ಬರು ಅಂದಾಗ ಅಜ್ಜಿ ಅವರನ್ನೆಲ್ಲ ಕೋಳಿ ಓಡಿಸುವ ಹಾಗೆ ಓಡಿಸಿದಳು.

"ಉಣ್ಣೋರ್ ಬಾಯಿ ನೋಡ್ತಾರೇನ್ರೀ? ಆಚೆ ನಡೀರಿ."

ಮೂರನೆಯ ದಿನ ಟ್ರ್ಯಾಕ್ಟರ್ ಬಂದು ಕಲ್ಲನ್ನು ಕಿತ್ತುಕೊಂಡು ಹೋಯಿತು. ಗೋಡೆಯಲ್ಲಿ ಆಳೆತ್ತರದ ಕಂಡಿ ಉಳಿಯಿತು, ಅದರಲ್ಲಿ ಪಡುವಣದ ಗುಡ್ಡಗಳು ಕಾಣುತ್ತಿದ್ದವು. ಹಸುಗಳು ಆ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದವು. ಅಪ್ಪ ಇಟ್ಟಿಗೆ ತಂದು ಮುಚ್ಚಿದ. ಅವ್ವ ಪ್ರತಿ ಹಬ್ಬಕ್ಕೂ ಆ ಇಟ್ಟಿಗೆಗಳ ಬುಡದಲ್ಲಿ, ಅಂದಾಜಿನ ಜಾಗಕ್ಕೆ, ಬೆಣ್ಣೆ ಹಚ್ಚುತ್ತಿದ್ದಳು, ತಾನು ಸಾಯುವವರೆಗೂ. ನಾನು ಮದುವೆಯಾಗಿ ಕಡೂರಿಗೆ ಬಂದೆ. ಇಲ್ಲಿ ಗಂಡನ ಮನೆಯ ಹಿರಿಯರಿಗೆ ಎಡೆ ಇಡುತ್ತೇನೆ, ಅವರು ಯಾರೆಂದು ನನಗೇನು ಗೊತ್ತು?

ಹೋದ ವರ್ಷ ಹಬ್ಬದ ಮಾರನೇ ದಿನ ತವರಿಗೆ ಹೋಗಿದ್ದೆ, ದೇವಸ್ಥಾನದ ಕಡೆಗೂ ಹೋದೆ. ಅಂಗಳದಲ್ಲಿ ಹುಲ್ಲು ಹಾಸು, ಕಲ್ಲಿನ ಸುತ್ತ ಸರಪಳಿ, ಮುಟ್ಟಬಾರದು ಎಂಬ ಫಲಕ. ಬಿದ್ದವನ ಮುಖ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಚೀಲದಲ್ಲಿ ಒಂದು ಡಬ್ಬಿ ಬೆಣ್ಣೆ ತಂದಿದ್ದೆ, ತೆಗೆಯಲು ಧೈರ್ಯ ಬರಲಿಲ್ಲ. ತೆಗೆಯಲು ನನಗೆ ಹಕ್ಕಿದೆಯೇ ಎಂಬುದೂ ತಿಳಿಯಲಿಲ್ಲ. ನಾನು ಸೊಸೆಯಲ್ಲ, ಮಗಳು. ಅಷ್ಟರಲ್ಲಿ ಚಿಕ್ಕಪ್ಪ ಕೋಲೂರಿಕೊಂಡು ಒಂದು ಗುಂಪನ್ನು ಕರೆತಂದ. ಎಪ್ಪತ್ತು ದಾಟಿದರೂ ಮಾತು ಬಿಟ್ಟಿಲ್ಲ. ಈಗಿನ ಜನಕ್ಕೆ ಗೆದ್ದವನ ಕತೆ ಬೇಡವಂತೆ, ಸೋತವನದು ಬೇಕಂತೆ, ಅವನೇ ಹಿಂದೊಮ್ಮೆ ನನಗೆ ಹೇಳಿದ್ದ. ಕೋಲನ್ನು ಕೆಳಗಿನ ಅಂತಸ್ತಿಗೆ ತೋರಿಸಿದ.

"ಇಲ್ಲಿ ಬಿದ್ದಿರೋನು ಇದ್ದಾನಲ್ಲ, ಇವ್ನೇ ಈ ನೆಲದ ಮೂಲದೋನು. ನಾವು ಇವ್ನ ಜನ. ಮುಖ ಅಳಿಸೋಗೈತೆ ಅಂತ ಬೇಜಾರ್ ಮಾಡ್ಕಬ್ಯಾಡಿ." ಸುತ್ತ ನೋಡಿದ. ನಾನು ಅವನ ಕಣ್ಣಿಗೆ ಬಿದ್ದೆ. ಕೋಲು ನನ್ನ ಕಡೆಗೆ ತಿರುಗಿತು. "ಅಗೋ ನೋಡಿ, ಅದೇ ಮುಖ. ನಮ್ಮಣ್ಣನ ಮಗಳು ಸರೋಜ. ನಮ್ಮನೆ ಮಗಳು."

ನಮ್ಮನೆ ಮಗಳು. ಈ ಮಾತನ್ನು ಇವನ ಬಾಯಿಂದ, ಹೊರಗಿನವರ ಮುಂದೆ ಕೇಳಬೇಕೆಂದು ಕರು ಹಿಡಿದು ನಿಂತ ಆ ದಿನದಿಂದ ಕಾದಿದ್ದೆ. ಕತೆ ಬದಲಾಯಿಸು ಎಂದು ಅವ್ವ ಹೇಳಿದ್ದಳು, ಬದಲಾಯಿಸಿಯೇಬಿಟ್ಟಿದ್ದ. ಅದು ನನ್ನ ಮೇಲಿನ ಪ್ರೀತಿಗೋ, ಬಂದವರ ಖುಷಿಗೋ? ಅವನ ಮುಖ ನೋಡಿದರೆ ಅವನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು, ಅದು ಪೊರೆಯ ನೀರೂ ಇರಬಹುದು. ಸಂತೋಷವೂ ಆಯಿತು, ಅವಮಾನವೂ ಆಯಿತು, ಎರಡೂ ಒಟ್ಟಿಗೆ. ಹತ್ತಾರು ಫೋನುಗಳು ನನ್ನ ಕಡೆ ಎದ್ದವು. ಒಬ್ಬ ಹುಡುಗಿ ವಿನಯವಾಗಿ ಕೇಳಿದಳು.

"ಅಮ್ಮಾ, ಸ್ವಲ್ಪ ಕಲ್ಲಿನ ಪಕ್ಕ ನಿಂತು ಈ ಕಡೆ ತಿರುಗ್ತೀರಾ?"

ಚೀಲವನ್ನು ಎದೆಗೆ ಅವಚಿಕೊಂಡು, ಸೆರಗು ಸರಿಮಾಡಿಕೊಂಡು, ಕಲ್ಲಿನ ಪಕ್ಕ ಹೋಗಿ ತಿರುಗಿ ನಿಂತೆ.